ಕೂಲಿ ಗೊತ್ತುಮಾಡುವವರು ಯಾರು? ಆಸ್ಟ್ರೇಲಿಯಾದ ನೂರಿಪ್ಪತ್ತು ವರ್ಷ ಮತ್ತು ನಾವು



ಕೂಲಿಯನ್ನು ಮಾಲೀಕನೊಬ್ಬನೇ ಗೊತ್ತುಮಾಡಬಹುದು. ಮಾಲೀಕನೂ ಆ ಕಾರ್ಖಾನೆಯ ಯೂನಿಯನ್ನೂ ಎದುರುಬದುರು ಕೂತು ಗೊತ್ತುಮಾಡಬಹುದು. ಇಡೀ ಉದ್ದಿಮೆಗೋ ಇಡೀ ದೇಶಕ್ಕೋ ಸೇರಿಸಿ ಒಂದೇ ಕಡೆ ಗೊತ್ತುಮಾಡಲೂಬಹುದು. ಈ ಮೂರು ದಾರಿಗಳನ್ನೂ ನಡೆದು ನೋಡಿದ ದೇಶ ಆಸ್ಟ್ರೇಲಿಯಾ. ಇವತ್ತಿನ ಉಪನ್ಯಾಸಕ್ಕೆ ನಾನು ಆ ದೇಶವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಲ್ಲಿಯ ಒಂದು ತೀರ್ಪು ನಮ್ಮ ಸುಪ್ರೀಂ ಕೋರ್ಟಿನ ಮಾತಿನೊಳಗೆ ಬಂದು ಸೇರಿದೆ. ಅದನ್ನು ತಿಳಿಯದೆ ನಮ್ಮ ಕನಿಷ್ಠ ವೇತನದ ಚರ್ಚೆ ಪೂರ್ತಿಯಾಗುವುದಿಲ್ಲ. ಅದಕ್ಕಿಂತ ಹತ್ತಿರದ ಕಾರಣ, 2025ರ ನವೆಂಬರ್ 21ರಿಂದ ನಮ್ಮಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನದ ಮಾತುಕತೆ ಎಲ್ಲಿ, ಯಾರ ನಡುವೆ ನಡೆಯಬೇಕು ಎಂಬುದನ್ನು ಅವು ಹೊಸದಾಗಿ ಬರೆದಿವೆ. ಇಂಥದೇ ಒಂದು ಹೊತ್ತಿನಲ್ಲಿ, 1991ರಿಂದ 1993ರ ನಡುವೆ, ಆಸ್ಟ್ರೇಲಿಯಾದ ಯೂನಿಯನ್‌ಗಳು ಒಂದು ನಿರ್ಧಾರ ಮಾಡಿದವು. ಅದರಿಂದಾದ ಪೆಟ್ಟನ್ನು ಸರಿಪಡಿಸುವ ಕೆಲಸ ಅಲ್ಲಿ ಇನ್ನೂ ನಡೆಯುತ್ತಿದೆ.

ವೇತನದ ವ್ಯವಸ್ಥೆಯನ್ನು ಸುಧಾರಿಸುತ್ತೇವೆ ಎಂದು ಯಾರೇ ಬರಲಿ, ಸರ್ಕಾರವಿರಲಿ, ಮಾಲೀಕರ ಸಂಘವಿರಲಿ, ನಮ್ಮದೇ ಯೂನಿಯನ್ ಇರಲಿ, ನಾನು ಅವರನ್ನು ಕೇಳುವ ಪ್ರಶ್ನೆ ಒಂದೇ. ಮುಷ್ಕರ ಹೂಡಿ ಮಾಲೀಕನನ್ನು ಬಗ್ಗಿಸುವ ಶಕ್ತಿ ಇಲ್ಲದ ಕಡೆ ದುಡಿಯುವವರ ಪರವಾಗಿ ನಿಮ್ಮ ಹೊಸ ವ್ಯವಸ್ಥೆಯಲ್ಲಿ ಯಾರು ಮಾತಾಡುತ್ತಾರೆ? ಬಲ ಇರುವವರಿಗೆ ಯಾವ ವ್ಯವಸ್ಥೆಯಾದರೂ ನಡೆಯುತ್ತದೆ. ಬಂದರಿನ ಕಾರ್ಮಿಕ, ರೈಲಿನ ಚಾಲಕ, ವಿದ್ಯುತ್ ಸ್ಥಾವರದ ಎಂಜಿನಿಯರ್ ಕೆಲಸ ನಿಲ್ಲಿಸಿದರೆ ಊರು ನಿಲ್ಲುತ್ತದೆ. ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯುವ ಹೆಂಗಸು ಕೆಲಸ ನಿಲ್ಲಿಸಿದರೆ ತೊಂದರೆಯಾಗುವುದು ಆ ಮುದುಕರಿಗೆ. ಅವಳು ನಿಲ್ಲಿಸುವುದೂ ಇಲ್ಲ.

ಕಥೆ ಶುರುವಾಗುವುದು ಸೋಲಿನಿಂದ. 1890ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಹಡಗು ಮತ್ತು ಬಂದರು ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ಮಾರನೆಯ ವರ್ಷ ಕ್ವೀನ್ಸ್‌ಲ್ಯಾಂಡಿನಲ್ಲಿ ಕುರಿ ಉಣ್ಣೆ ಕತ್ತರಿಸುವವರು ಹೂಡಿದರು. ಸರ್ಕಾರ ಸೈನ್ಯ ಕಳಿಸಿತು, ಮುಂದಾಳುಗಳನ್ನು ಒಳಸಂಚಿನ ಆರೋಪದ ಮೇಲೆ ಜೈಲಿಗೆ ಹಾಕಿತು. ಎರಡೂ ಮುಷ್ಕರಗಳು ಮುರಿದವು. ಆ ಸೋಲಿನಲ್ಲಿ ಕಾರ್ಮಿಕರು ಎರಡು ಪಾಠ ಕಲಿತರು. ಒಂದು, ತಮ್ಮದೇ ಪಕ್ಷ ಕಟ್ಟಬೇಕು. ಲೇಬರ್ ಪಕ್ಷ ಹುಟ್ಟಿದ್ದು ಹಾಗೆ. ಇನ್ನೊಂದು, ಬರೀ ತೋಳ್ಬಲದ ಮೇಲೆ ನಿಂತರೆ ಮಾಲೀಕನ ಹಿಂದೆ ಸರ್ಕಾರ ನಿಂತ ದಿನ ನೆಲ ಕಚ್ಚಬೇಕಾಗುತ್ತದೆ. ಹಾಗಾಗಿ ವೇತನದ ವ್ಯಾಜ್ಯ ತೀರ್ಮಾನಿಸಲು ಒಂದು ನ್ಯಾಯಪೀಠ ಬೇಕು. ಆಸ್ಟ್ರೇಲಿಯಾದ ವಸಾಹತುಗಳೆಲ್ಲ ಸೇರಿ ಒಕ್ಕೂಟ ಮಾಡಿಕೊಳ್ಳುವ ಸಮಾವೇಶದಲ್ಲಿ ವಕೀಲ ಹೆನ್ರಿ ಬೋರ್ನ್ಸ್ ಹಿಗಿನ್ಸ್ ಇದನ್ನು ಸಂವಿಧಾನದಲ್ಲೇ ಸೇರಿಸಲು ಪಟ್ಟು ಹಿಡಿದರು. 1898ರಲ್ಲಿ 22ಕ್ಕೆ 19 ಮತಗಳಿಂದ, ಕೂದಲೆಳೆಯಲ್ಲಿ, ಆ ಕಲಮು ಪಾಸಾಯಿತು. 1904ರಲ್ಲಿ ರಾಜಿ ಮತ್ತು ಪಂಚಾಯ್ತಿಯ ಕಾಯ್ದೆಯೂ ಅದರಡಿ ಒಂದು ನ್ಯಾಯಾಲಯವೂ ಬಂದವು. 1907ರಲ್ಲಿ ಆ ನ್ಯಾಯಾಲಯದ ಅಧ್ಯಕ್ಷ ಪೀಠಕ್ಕೆ ಹಿಗಿನ್ಸ್ ಅವರೇ ಬಂದರು.

ಬಂದ ವರ್ಷವೇ ಅವರ ಮುಂದೆ ಒಂದು ಅರ್ಜಿ ಇತ್ತು. ಮೆಲ್ಬರ್ನ್ ನಗರದ ಪಶ್ಚಿಮಕ್ಕೆ, ಸನ್‌ಶೈನ್ ಎಂಬಲ್ಲಿ ಹ್ಯೂ ವಿಕ್ಟರ್ ಮೆಕೇ ಎಂಬ ಉದ್ಯಮಿಯ ಕಾರ್ಖಾನೆ. ಗೋಧಿ ಕೊಯ್ಲಿನ ಯಂತ್ರ ತಯಾರಿಸುತ್ತಿದ್ದರು. ಆಗ ಅಲ್ಲಿ ಹೊರದೇಶದ ಯಂತ್ರಗಳ ಮೇಲೆ ಸುಂಕ ಹಾಕಿ ದೇಶದ ಉದ್ಯಮಿಗಳನ್ನು ಕಾಪಾಡುವ ನೀತಿ ಬಂದಿತ್ತು. ಅದಕ್ಕೊಂದು ಷರತ್ತು: ರಕ್ಷಣೆ ಪಡೆದ ಉದ್ಯಮಿ ಕಾರ್ಮಿಕರಿಗೆ 'ನ್ಯಾಯವಾದ, ಒಪ್ಪತಕ್ಕ' ಕೂಲಿ ಕೊಡಬೇಕು, ಇಲ್ಲದಿದ್ದರೆ ಅಬಕಾರಿ ತೆರಿಗೆ ಕಟ್ಟಬೇಕು. ಆ ತೆರಿಗೆಯಿಂದ ವಿನಾಯಿತಿ ಬೇಕೆಂಬುದೇ ಮೆಕೇ ಅವರ ಅರ್ಜಿ. ನ್ಯಾಯವಾದ ಕೂಲಿ ಅಂದರೆ ಎಷ್ಟು ಎಂದು ಕಾಯ್ದೆ ಹೇಳಿರಲಿಲ್ಲ. ಹಿಗಿನ್ಸ್ ಕೆಲವು ಗೃಹಿಣಿಯರನ್ನು ಸಾಕ್ಷಿಗಳಾಗಿ ಕರೆದು ಬಾಡಿಗೆ, ಬ್ರೆಡ್ಡು, ಮಾಂಸ, ಹಾಲು, ಸೌದೆಗೆ ವಾರಕ್ಕೆಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಕೇಳಿದರು. 1907ರ ನವೆಂಬರ್ 8ರಂದು ತೀರ್ಪು ಕೊಟ್ಟರು. ಕುಶಲತೆ ಬೇಡದ ಕೆಲಸದ ಕಾರ್ಮಿಕನೂ ಹೆಂಡತಿ, ಮೂರು ಮಕ್ಕಳ ಜೊತೆ ಮಿತವಾದ ನೆಮ್ಮದಿಯಲ್ಲಿ ಬದುಕಲು ದಿನಕ್ಕೆ ಏಳು ಶಿಲ್ಲಿಂಗ್, ವಾರಕ್ಕೆ 42 ಶಿಲ್ಲಿಂಗ್ ಬೇಕು. ಮೆಕೇ ಕೊಡುತ್ತಿದ್ದುದು ಆರು.

ತೀರ್ಪಿನ ತಿರುಳು ಆ ಒಂದು ಶಿಲ್ಲಿಂಗಿಗಿಂತ ದೊಡ್ಡದು. ಕೂಲಿಯ ಲೆಕ್ಕವನ್ನು ಕಾರ್ಖಾನೆಯ ಜಮಾಖರ್ಚಿನಿಂದ ಶುರುಮಾಡಕೂಡದು, ಕಾರ್ಮಿಕನ ಮನೆಯ ಒಲೆಯಿಂದ ಶುರುಮಾಡಬೇಕು ಎಂದು ಒಬ್ಬ ನ್ಯಾಯಾಧೀಶರು ಬರೆದಿಟ್ಟರು. 1908ರಲ್ಲಿ ಅಲ್ಲಿಯ ಹೈಕೋರ್ಟ್ ಆ ಅಬಕಾರಿ ಕಾಯ್ದೆಯನ್ನೇ ರದ್ದು ಮಾಡಿತು, ಮೆಕೇ ಗೆದ್ದರು. ಆದರೂ ಹಿಗಿನ್ಸ್ ತಮ್ಮ ಪಂಚಾಯ್ತಿ ನ್ಯಾಯಾಲಯದಲ್ಲಿ ಉದ್ದಿಮೆಯಿಂದ ಉದ್ದಿಮೆಗೆ ಅದೇ ಅಳತೆಯನ್ನು ಹಾಕುತ್ತ ಹೋದರು. 1909ರಲ್ಲಿ ಬ್ರೋಕನ್ ಹಿಲ್ ಗಣಿ ಕಂಪನಿ ತನಗೆ ಅಷ್ಟು ಕೊಡಲು ಆಗುವುದಿಲ್ಲ ಎಂದಾಗ, ಗಣಿ ಮುಚ್ಚುವುದು ಅನಾಹುತವೇ, ಆದರೆ ದುಡಿಯುವವರು ಹಸಿದಿರುವುದು ಅದಕ್ಕಿಂತ ದೊಡ್ಡ ಅನಾಹುತ ಎಂಬ ಅರ್ಥದ ಉತ್ತರ ಕೊಟ್ಟರು. ಹೀಗೆ ಹುಟ್ಟಿದ ತೀರ್ಮಾನಗಳಿಗೆ ಅಲ್ಲಿ 'ಅವಾರ್ಡ್' ಎನ್ನುತ್ತಾರೆ. ಒಂದು ಯೂನಿಯನ್ ಒಂದು ಉದ್ದಿಮೆಯ ಮಾಲೀಕರ ಮೇಲೆ ವ್ಯಾಜ್ಯ ಹೂಡಿ ಅವಾರ್ಡ್ ಪಡೆದರೆ ಅದರಡಿ ಬರುವ ಕಾರ್ಖಾನೆಗಳಲ್ಲಿ ಸದಸ್ಯರಾದವರಿಗೂ ಆಗದವರಿಗೂ ಅದೇ ದರ. ಬಲಿಷ್ಠ ಯೂನಿಯನ್ ಗೆದ್ದದ್ದು ದುರ್ಬಲರ ಕೈಗೂ ಬರುತ್ತಿತ್ತು. ಒಬ್ಬ ಮಾಲೀಕ ಕೂಲಿ ಇಳಿಸಿ ಇನ್ನೊಬ್ಬನನ್ನು ಸೋಲಿಸುವ ಪೈಪೋಟಿಗೆ ಅವಕಾಶವೇ ಕಡಿಮೆಯಾಯಿತು.

ಈ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ. ಅದಕ್ಕೇ ಅದರ ಅನ್ಯಾಯಗಳನ್ನೂ ಬಿಡದೆ ಹೇಳಬೇಕು. ಹಿಗಿನ್ಸ್ ಅವರ ಲೆಕ್ಕದ ಕುಟುಂಬದಲ್ಲಿ ದುಡಿಯುವವನು ಗಂಡಸು, ಉಣ್ಣುವವಳು ಹೆಂಗಸು. ಹಾಗಾದರೆ ದುಡಿಯುವ ಹೆಂಗಸಿಗೆ? ಅವಳು ತನ್ನೊಬ್ಬಳ ಹೊಟ್ಟೆ ಹೊರೆದುಕೊಂಡರೆ ಸಾಕು ಎಂಬ ತರ್ಕ ಬಂತು. 1912ರಲ್ಲಿ ಹಣ್ಣು ಕೀಳುವವರ ಮೊಕದ್ದಮೆಯಲ್ಲಿ ಹಿಗಿನ್ಸ್ ಹೆಂಗಸರಿಗೂ ಗಂಡಸರಿಗೂ ಸಮಾನ ಕೂಲಿ ಕೊಟ್ಟರು. ಕಡಿಮೆ ಕೊಟ್ಟರೆ ಗಂಡಸರ ಕೆಲಸ ಹೋಗುತ್ತದೆ ಎಂಬುದು ಅವರ ಕಾರಣ. ಅದೇ ಹಣ್ಣನ್ನು ಪೆಟ್ಟಿಗೆಗೆ ತುಂಬುವುದು ಹೆಂಗಸರ ಕೆಲಸ, ಅದಕ್ಕೆ ಕಡಿಮೆ ಎಂದರು. 1919ರಲ್ಲಿ ಬಟ್ಟೆ ಹೊಲಿಯುವವರ ಅವಾರ್ಡಿನಲ್ಲಿ ಹೆಂಗಸಿನ ಮೂಲ ಕೂಲಿ ಗಂಡಸಿನದರ ಸುಮಾರು ನೂರಕ್ಕೆ 54 ಎಂದು ನಿಂತಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1950ರಲ್ಲಿ, ಅದು 75ಕ್ಕೆ ಏರಿತು. ಇಡೀ ದೇಶಕ್ಕೆ ಒಂದೇ ಕಡೆ ಕೂಲಿ ಗೊತ್ತುಮಾಡಿದರೆ ನ್ಯಾಯವೂ ದೇಶಕ್ಕೆಲ್ಲ ಹರಡುತ್ತದೆ, ಅನ್ಯಾಯವೂ ಹರಡುತ್ತದೆ. 1969ರಲ್ಲಿ ಮಾಂಸದ ಉದ್ದಿಮೆಯ ಕಾರ್ಮಿಕರ ಮೊಕದ್ದಮೆಯಲ್ಲಿ ಸಮಾನ ವೇತನದ ತೀರ್ಪು ಬಂತು. ಆದರೆ ಗಂಡಸರಂಥದೇ ಕೆಲಸ ಮಾಡುವ ಹೆಂಗಸರಿಗೆ ಮಾತ್ರ ಎಂದು ಅದರಲ್ಲಿದ್ದುದರಿಂದ ಬಹುಪಾಲು ಹೆಂಗಸರು ಹೊರಗುಳಿದರು. ಮಾಂಸದ ಕಾರ್ಮಿಕರ ಯೂನಿಯನ್ನಿನ ಕಚೇರಿಯಲ್ಲಿ ಕೆಲಸಕ್ಕಿದ್ದ ಜೆಲ್ಡಾ ಡಿ'ಅಪ್ರಾನೊ ಅದೇ ವರ್ಷದ ಅಕ್ಟೋಬರ್ 21ರಂದು ಮೆಲ್ಬರ್ನಿನ ಸರ್ಕಾರಿ ಕಟ್ಟಡದ ಬಾಗಿಲಿಗೆ ಸರಪಳಿಯಿಂದ ತಮ್ಮನ್ನು ಬಿಗಿದುಕೊಂಡು ನಿಂತರು. 1972ರಲ್ಲಿ ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂಬ ತೀರ್ಪು ಬಂತು.

ಮೂಲನಿವಾಸಿಗಳ ಕಥೆ ಇದಕ್ಕಿಂತ ಕಹಿ. ಉತ್ತರದ ದನಗಾಹಿ ಎಸ್ಟೇಟುಗಳಲ್ಲಿ ತಲೆಮಾರುಗಳಿಂದ ದುಡಿದ ಅವರನ್ನು ಅವಾರ್ಡ್ ಹೊರಗಿಟ್ಟಿತ್ತು. 1966ರ ಮಾರ್ಚ್‌ನಲ್ಲಿ, ಹಿಗಿನ್ಸ್ ಅವರ ನ್ಯಾಯಾಲಯದ ಜಾಗಕ್ಕೆ ಬಂದಿದ್ದ ಆಯೋಗ ಅವರಿಗೂ ಸಮಾನ ಕೂಲಿ ಎಂದು ಹೇಳಿತು, ಜಾರಿಯನ್ನು 1968ರ ಡಿಸೆಂಬರಿಗೆ ಮುಂದೂಡಿತು. ಆ ವಿಚಾರಣೆಯಲ್ಲಿ ಒಬ್ಬ ಮೂಲನಿವಾಸಿ ಕಾರ್ಮಿಕನನ್ನೂ ಸಾಕ್ಷಿಯಾಗಿ ಕರೆಯಲಿಲ್ಲ. ಕೂಲಿ ಕಾಗದದ ಮೇಲೆ ಸಮನಾದಾಗ ಎಸ್ಟೇಟಿನವರು ಅನೇಕರನ್ನು ಕೆಲಸದಿಂದ, ಅವರ ಪೂರ್ವಿಕರ ನೆಲದಿಂದ ಹೊರಹಾಕಿದರು. ವೇವ್ ಹಿಲ್ ಎಸ್ಟೇಟಿನ ಗುರಿಂಜಿ ಜನ ಕಾಯಲಿಲ್ಲ. 1966ರ ಆಗಸ್ಟ್‌ನಲ್ಲಿ ವಿನ್ಸೆಂಟ್ ಲಿಂಗಿಯಾರಿ ಅವರ ಮುಂದಾಳತ್ವದಲ್ಲಿ ಕೆಲಸ ಬಿಟ್ಟು ನಡೆದರು. ಕೂಲಿಯ ಬೇಡಿಕೆ ಭೂಮಿಯ ಬೇಡಿಕೆಯಾಯಿತು. 1975ರಲ್ಲಿ ಪ್ರಧಾನಿ ಗಾಫ್ ವಿಟ್ಲಮ್ ಬಂದು ಹಿಡಿ ಮಣ್ಣನ್ನು ಲಿಂಗಿಯಾರಿ ಅವರ ಕೈಗೆ ಸುರಿದ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಮೇಲಿನ ಪೀಠ ದುರ್ಬಲರ ಪರವಾಗಿ ತೀರ್ಮಾನ ಮಾಡಬಹುದು. ದುರ್ಬಲರೇ ಆ ಪೀಠದ ಮುಂದೆ ಇರದಿದ್ದರೆ ತೀರ್ಮಾನ ಅವರ ಮೇಲೆಯೇ ಬೀಳಬಹುದು.

ಎಪ್ಪತ್ತರ ದಶಕದಲ್ಲಿ ಬೆಲೆಗಳು ಹಾರಿದವು, ಕೂಲಿಗಳು ಅವುಗಳ ಹಿಂದೆ ಓಡಿದವು. 1983ರ ಹೊತ್ತಿಗೆ ನಿರುದ್ಯೋಗ ನೂರಕ್ಕೆ ಹತ್ತರಷ್ಟಿತ್ತು. ಆ ವರ್ಷ ಪ್ರಧಾನಿಯಾದವರು ಬಾಬ್ ಹಾಕ್; ಹತ್ತು ವರ್ಷಕ್ಕೂ ಹೆಚ್ಚು ಕಾಲ ರಾಷ್ಟ್ರೀಯ ಕಾರ್ಮಿಕ ಮಹಾಮಂಡಲದ ಅಧ್ಯಕ್ಷರಾಗಿದ್ದವರು. ಚುನಾವಣೆಗೆ ಮುಂಚೆಯೇ ಲೇಬರ್ ಪಕ್ಷವೂ ಮಹಾಮಂಡಲವೂ ಒಂದು ಒಪ್ಪಂದ ಮಾಡಿಕೊಂಡಿದ್ದವು. ಅದನ್ನು 'ಅಕಾರ್ಡ್' ಎನ್ನುತ್ತಾರೆ. ಯೂನಿಯನ್‌ಗಳು ಕೂಲಿಯ ಏರಿಕೆಯನ್ನು ಬಿಗಿಹಿಡಿಯಬೇಕು. ಬದಲಿಗೆ ಸರ್ಕಾರ ಎಲ್ಲರಿಗೂ ಆರೋಗ್ಯ ವಿಮೆ, ತೆರಿಗೆಯಲ್ಲಿ ರಿಯಾಯ್ತಿ, ಪಿಂಚಣಿಯ ನಿಧಿ ಕೊಡಬೇಕು. 1984ರ ಫೆಬ್ರುವರಿಯಲ್ಲಿ ಮೆಡಿಕೇರ್ ಬಂತು. 1986ರಲ್ಲಿ ಕೂಲಿಯ ನೂರಕ್ಕೆ 3ರಷ್ಟನ್ನು ಅವಾರ್ಡಿನ ಮೂಲಕ ಪಿಂಚಣಿ ನಿಧಿಗೆ ತಿರುಗಿಸಲಾಯಿತು. 1992ರಲ್ಲಿ ಅದು ಎಲ್ಲ ಮಾಲೀಕರ ಮೇಲೂ ಕಾಯ್ದೆಯ ಕಡ್ಡಾಯವಾಯಿತು. 2025ರ ಜುಲೈನಿಂದ ಅದು ನೂರಕ್ಕೆ 12. ಇದನ್ನು ನಾನು ಕಾರ್ಮಿಕ ಚಳವಳಿಯ ದೊಡ್ಡ ಗೆಲುವು ಎಂದೇ ಎಣಿಸುತ್ತೇನೆ. ಸಂಬಳದ ಚೀಟಿಯಲ್ಲಿ ಕಾಣದ ವೇತನವನ್ನು ಇಡೀ ದೇಶದ ದುಡಿಮೆಗಾರರಿಗೆ ಗಳಿಸಿಕೊಟ್ಟ ಚೌಕಾಸಿ ಅದು. ಒಂದೊಂದು ಕಾರ್ಖಾನೆಯ ಗೇಟಿನಲ್ಲಿ ನಿಂತು ಇದನ್ನು ಪಡೆಯಲು ಯಾರಿಂದಲೂ ಆಗುತ್ತಿರಲಿಲ್ಲ.

ಆದರೆ ಬೆಲೆ ತೆತ್ತರು. ಬೆಲೆಯೇರಿಕೆ ಕಳೆದು ನೋಡಿದರೆ ಎಂಬತ್ತರ ದಶಕದಲ್ಲಿ ನಿಜವಾದ ಕೂಲಿ ಇಳಿಯಿತು. ಅದಕ್ಕಿಂತ ಆಳದ ನಷ್ಟ ಕಾರ್ಖಾನೆಯೊಳಗೆ ಆಯಿತು. ಕೂಲಿಯ ಮಾತು ಮೇಲೆ, ಮಹಾಮಂಡಲದ ಕಾರ್ಯದರ್ಶಿ ಬಿಲ್ ಕೆಲ್ಟಿ ಮತ್ತು ಹಣಕಾಸು ಸಚಿವ ಪಾಲ್ ಕೀಟಿಂಗ್ ಅವರ ನಡುವೆ ಮುಗಿಯುತ್ತಿತ್ತು. ಕೆಳಗೆ ಯೂನಿಯನ್ನಿನ ಪ್ರತಿನಿಧಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಚಂದಾ ಕೇಳಲು ಬಂದವನನ್ನು ಕಾರ್ಮಿಕ, ನೀವು ನಮಗೇನು ಮಾಡಿದಿರಿ ಎಂದು ಕೇಳಿದರೆ ಅವನ ಬಳಿ ತೋರಿಸಲು ಏನೂ ಇರಲಿಲ್ಲ. ಮಾಲೀಕರ ಸಂಘಗಳು ಆಗಲೇ ಪ್ರತಿ ಕಾರ್ಖಾನೆಯಲ್ಲೂ ಬೇರೆಬೇರೆ ಒಪ್ಪಂದ ಆಗಬೇಕೆಂದು ಒತ್ತಾಯಿಸುತ್ತಿದ್ದವು. ಲೋಹದ ಉದ್ದಿಮೆಯಂಥ ಕಡೆಯ ಬಲಿಷ್ಠ ಯೂನಿಯನ್‌ಗಳಿಗೂ ಅದು ರುಚಿಸಿತು. ಬಿಟ್ಟರೆ ನಾವೇ ಮಾಲೀಕನಿಂದ ಹೆಚ್ಚು ಗಿಟ್ಟಿಸುತ್ತೇವೆ ಎಂಬ ಭರವಸೆ ಅವಕ್ಕಿತ್ತು. 1991ರ ಏಪ್ರಿಲ್‌ನಲ್ಲಿ ಮಹಾಮಂಡಲ, ಸರ್ಕಾರ, ಮಾಲೀಕರು ಮೂವರೂ ಸೇರಿ ಇದನ್ನು ಕೇಳಿದಾಗ ವೇತನ ಆಯೋಗವೇ ಒಪ್ಪಲಿಲ್ಲ. ನೀವು ಇನ್ನೂ ಅದಕ್ಕೆ ಪಕ್ವವಾಗಿಲ್ಲ ಎಂದಿತು. ಕೆಲ್ಟಿ ಕೆರಳಿದರು. ಅಕ್ಟೋಬರಿನಲ್ಲಿ ಆಯೋಗ ಮಣಿಯಿತು. 1993ರ ಕಾಯ್ದೆಯೊಂದಿಗೆ ಕಾರ್ಖಾನೆ ಮಟ್ಟದ ಒಪ್ಪಂದವೇ ಮುಖ್ಯ ದಾರಿಯಾಯಿತು. ಅವಾರ್ಡ್, ಬೀಳುವವರನ್ನು ಹಿಡಿಯುವ ಬಲೆಯಾಗಿ ಹಿಂದೆ ಸರಿಯಿತು. ಯೂನಿಯನ್ ಇಲ್ಲದೆಯೂ ಒಪ್ಪಂದ ಮಾಡಿಕೊಳ್ಳುವ ಬಾಗಿಲು ಅದೇ ಕಾಯ್ದೆಯಲ್ಲಿ ತೆರೆಯಿತು. ಚೌಕಾಸಿಯ ಹೊತ್ತಿನಲ್ಲಿ ಮುಷ್ಕರಕ್ಕೆ ಕಾನೂನಿನ ರಕ್ಷಣೆ ಮೊದಲ ಸಲ ಸಿಕ್ಕಿತು ಎಂಬುದನ್ನೂ ಹೇಳಬೇಕು. ಆ ರಕ್ಷಣೆ ಉಪಯೋಗಕ್ಕೆ ಬಂದದ್ದು ಮುಷ್ಕರ ಹೂಡಬಲ್ಲವರಿಗೆ.

ಆ ಕಾಲದ ಮುಂದಾಳುಗಳು ಕಾರ್ಮಿಕರಿಗೆ ದ್ರೋಹ ಬಗೆದರು ಎಂದು ನಾನು ಹೇಳುವುದಿಲ್ಲ. ಕಾರ್ಖಾನೆಯೊಳಗೆ ಯೂನಿಯನ್ನಿಗೆ ಜೀವ ತುಂಬಬೇಕು ಎಂಬ ಅವರ ಕಾಳಜಿ ನಿಜವಾದದ್ದೇ. ಅವರು ಎಣಿಸದೆ ಬಿಟ್ಟದ್ದು ಮುಂದಿನ ಸರ್ಕಾರವನ್ನು. 1996ರಲ್ಲಿ ಜಾನ್ ಹವರ್ಡ್ ಸರ್ಕಾರ ಬಂತು. ಅವಾರ್ಡಿನಲ್ಲಿ ಇಪ್ಪತ್ತು ವಿಷಯಗಳಿಗಿಂತ ಹೆಚ್ಚು ಇರಕೂಡದು ಎಂದು ಕಡಿದು ಹಾಕಿತು, ಒಬ್ಬೊಬ್ಬ ಕಾರ್ಮಿಕನೊಂದಿಗೆ ಬೇರೆಬೇರೆ ಕರಾರಿಗೆ ದಾರಿ ಮಾಡಿತು. 1998ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಬಂದರು ಕಂಪನಿಯೊಂದು ಸುಮಾರು 1,400 ಕಾರ್ಮಿಕರನ್ನು ಗೇಟಿನ ಹೊರಗೆ ನಿಲ್ಲಿಸಿತು. ನ್ಯಾಯಾಲಯದ ಆದೇಶದ ಮೇಲೆ ಅವರು ಒಳಗೆ ಬಂದರು. 2006ರ ಮಾರ್ಚ್‌ನಲ್ಲಿ ಜಾರಿಯಾದ 'ವರ್ಕ್‌ಚಾಯ್ಸಸ್' ಕಾನೂನು ನೂರು ಜನರೊಳಗಿನ ಸಂಸ್ಥೆಗಳಲ್ಲಿ ಅನ್ಯಾಯದ ವಜಾ ವಿರುದ್ಧ ಇದ್ದ ರಕ್ಷಣೆಯನ್ನೂ ಕಿತ್ತುಕೊಂಡಿತು. ದೇಶದ ಯೂನಿಯನ್‌ಗಳೆಲ್ಲ ಸೇರಿ ಅದರ ವಿರುದ್ಧ ಮನೆಮನೆಗೆ ಹೋದವು. 2007ರ ನವೆಂಬರ್ ಚುನಾವಣೆಯಲ್ಲಿ ಸರ್ಕಾರ ಬಿತ್ತು, ಹವರ್ಡ್ ತಮ್ಮ ಕ್ಷೇತ್ರವನ್ನೂ ಕಳೆದುಕೊಂಡರು. ಆ ಪ್ರಚಾರದ ಶಕ್ತಿಯನ್ನು ನೆನೆದರೆ ನನಗೆ ಈಗಲೂ ಹುರುಪು ಬರುತ್ತದೆ. ಆದರೂ 2009ರ ಹೊಸ ಕಾಯ್ದೆ ಚೌಕಾಸಿಯನ್ನು ಕಾರ್ಖಾನೆ ಮಟ್ಟದಲ್ಲೇ ಇರಿಸಿತು. ಹಲವು ಮಾಲೀಕರ ವಿರುದ್ಧ ಒಂದೇ ಬೇಡಿಕೆಗೆ ಒಟ್ಟಾಗಿ ಮುಷ್ಕರ ಹೂಡಿದರೆ ಕಾನೂನಿನ ರಕ್ಷಣೆ ಇಲ್ಲ ಎಂಬುದೂ ಹಾಗೆಯೇ ಉಳಿಯಿತು. 1992ರಲ್ಲಿ ನೂರು ನೌಕರರಲ್ಲಿ ಸುಮಾರು 40 ಜನ ಯೂನಿಯನ್ ಸದಸ್ಯರು; 2022ರಲ್ಲಿ 12.5. ಕಾರ್ಖಾನೆಯೊಳಗೆ ಯೂನಿಯನ್ನಿಗೆ ಜೀವ ತುಂಬಲೆಂದು ತಂದ ಸುಧಾರಣೆಯ ಮೂವತ್ತು ವರ್ಷದ ಫಲ ಇದು. ಉದ್ದಿಮೆಗಳ ಸ್ವರೂಪ ಬದಲಾದದ್ದೂ ಕಾರಣವೇ, ಒಪ್ಪುತ್ತೇನೆ. ಆದರೆ ಅದೊಂದೇ ಕಾರಣ ಎಂಬ ವಾದವನ್ನು ಒಪ್ಪಲಾರೆ.

ಅಷ್ಟಾದರೂ ಅವಾರ್ಡಿನ ತಳಪಾಯ ಪೂರ್ತಿ ಕುಸಿಯಲಿಲ್ಲ. ಸಾವಿರಾರು ಹಳೆಯ ಅವಾರ್ಡುಗಳನ್ನು ಒಗ್ಗೂಡಿಸಿ ನೂರಿಪ್ಪತ್ತರಷ್ಟಕ್ಕೆ ಇಳಿಸಿದರು, ಅವುಗಳ ದರವನ್ನು ಪ್ರತಿ ವರ್ಷ ಏರಿಸುತ್ತಾರೆ. 2025ರ ಜುಲೈನಲ್ಲಿ ಅಲ್ಲಿಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್ ಆಯಿತು. ಹಿಗಿನ್ಸ್ ಕಟ್ಟಿದ್ದರ ಅಡಿಪಾಯ ಉಳಿದುಕೊಂಡಿದ್ದರಿಂದ ಇದು ಸಾಧ್ಯವಾಯಿತು. ಆದರೆ ನೆಲಮಟ್ಟದಲ್ಲಿ ನೋಡಿಕೊಳ್ಳುವ ಯೂನಿಯನ್ ಇಲ್ಲದ ಕಡೆ ಆ ದರ ಕಾಗದದಲ್ಲೇ ಉಳಿಯುತ್ತದೆ. 2015ರಲ್ಲಿ ದೊಡ್ಡ ಅಂಗಡಿ ಸರಣಿಯೊಂದರಲ್ಲಿ ಹೊರದೇಶಗಳಿಂದ ಓದಲು ಬಂದ ಹುಡುಗರಿಗೆ ಗೊತ್ತಾದ ಕೂಲಿಯ ಒಂದು ಪಾಲನ್ನಷ್ಟೇ ಕೊಡುತ್ತಿದ್ದುದು ಬಯಲಾಯಿತು. ಆ ಹುಡುಗರಲ್ಲಿ ಭಾರತದವರೂ ಇದ್ದರು.

2022ರ ಡಿಸೆಂಬರಿನಲ್ಲಿ ಅಲ್ಲಿ ಮತ್ತೊಂದು ಕಾಯ್ದೆ ಬಂತು. ಕಡಿಮೆ ಕೂಲಿಯ ಉದ್ದಿಮೆಗಳಲ್ಲಿ ಹಲವು ಮಾಲೀಕರು ಒಂದೇ ಮೇಜಿಗೆ ಬರಬೇಕು, ಅವರಿಗೆ ಹಣ ಕೊಡುವ ಸರ್ಕಾರವನ್ನೂ ಆ ಮೇಜಿಗೆ ಕರೆಯಬಹುದು ಎಂಬುದು ಅದರ ಮುಖ್ಯಾಂಶ. ಇದನ್ನು ಮೊದಲು ಬಳಸಿಕೊಂಡವರು ಶಿಶುವಿಹಾರಗಳಲ್ಲಿ ದುಡಿಯುವವರು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೆಂಗಸರಿರುವ ವೃತ್ತಿ ಅದು. ಎರಡು ವರ್ಷಗಳಲ್ಲಿ ನೂರಕ್ಕೆ 15ರಷ್ಟು ಏರಿಕೆಯ ಹಣವನ್ನು ಕೇಂದ್ರ ಸರ್ಕಾರವೇ ಕೊಡಲು ಒಪ್ಪಿತು. ಒಂದೊಂದೇ ಶಿಶುವಿಹಾರದ ಯಜಮಾನಿಯ ಹತ್ತಿರ ಹೋಗಿ ಕೇಳಿದ್ದರೆ ನನ್ನ ಕೈಯಲ್ಲೇನಿದೆ ಎನ್ನುತ್ತಿದ್ದಳು, ಅದು ಸುಳ್ಳೂ ಆಗಿರುತ್ತಿರಲಿಲ್ಲ. ವೃದ್ಧರ ಆರೈಕೆಯವರಿಗೆ ಅದಕ್ಕೂ ಮುಂಚೆ, 2023ರ ಜೂನ್ 30ರಿಂದ, ಅವಾರ್ಡಿನ ದಾರಿಯಲ್ಲೇ ನೂರಕ್ಕೆ 15 ಏರಿತು. ಆ ಕೆಲಸವನ್ನು ಇಷ್ಟು ವರ್ಷ ಹೆಂಗಸರ ಕೆಲಸವೆಂದು ಕಡಿಮೆ ಬೆಲೆಗೆ ಎಣಿಸಲಾಗಿತ್ತು ಎಂದು ಆಯೋಗ ಒಪ್ಪಿಕೊಂಡಿತು. ಅಲ್ಲಿಯ ವೃದ್ಧಾಶ್ರಮಗಳಲ್ಲಿ ದುಡಿಯುವವರಲ್ಲಿ ಭಾರತದಿಂದ ಹೋದವರ ಸಂಖ್ಯೆ ದೊಡ್ಡದು. ನಮ್ಮ ಕನ್ನಡದ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಆ ಏರಿಕೆಯ ಒಂದು ಭಾಗ ನಮ್ಮ ಊರುಗಳ ಮನೆಗಳಿಗೂ ಬಂದಿರುತ್ತದೆ.

ಈಗ ನಮ್ಮ ಮಾತು. ಸ್ವಾತಂತ್ರ್ಯ ಬಂದ ಮಾರನೆಯ ವರ್ಷ, 1948ರಲ್ಲಿ, ಭಾರತ ಸರ್ಕಾರ ನ್ಯಾಯಸಮ್ಮತ ವೇತನ ಸಮಿತಿಯನ್ನು ನೇಮಿಸಿತು. ಕನಿಷ್ಠ ವೇತನ, ನ್ಯಾಯಸಮ್ಮತ ವೇತನ, ಜೀವನ ವೇತನ ಎಂಬ ನಮ್ಮ ಮೂರು ಮೆಟ್ಟಿಲು ಅದರ ವರದಿಯಿಂದ ಬಂದವು. ಹಿಗಿನ್ಸ್ ಅವರ ತೀರ್ಪಿನ ಮಾತು ಆ ವರದಿಯಲ್ಲಿದೆ. 1958ರಲ್ಲಿ ಪತ್ರಕರ್ತರ ವೇತನ ಮಂಡಳಿಯ ಮೇಲಿನ ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಉಲ್ಲೇಖಿಸಿತು. ಉಲ್ಲೇಖಿಸಿದರೂ ಮಂಡಳಿಯ ತೀರ್ಮಾನವನ್ನು ರದ್ದು ಮಾಡಿತು, ಏಕೆಂದರೆ ಉದ್ದಿಮೆಯ ಕೊಡುವ ಶಕ್ತಿಯನ್ನು ಮಂಡಳಿ ನೋಡಿರಲಿಲ್ಲ. ಹೆಚ್ಚಿನ ವೇತನಕ್ಕೆ ಕೊಡುವ ಶಕ್ತಿ ನೋಡಬೇಕು, ಕನಿಷ್ಠ ವೇತನಕ್ಕೆ ನೋಡುವಂತಿಲ್ಲ ಎಂಬ ಗೆರೆ ಆ ಕಾಲದಲ್ಲಿ ಗಟ್ಟಿಯಾಯಿತು. ಕನಿಷ್ಠ ವೇತನವನ್ನೂ ಕೊಡಲಾಗದ ಉದ್ದಿಮೆಗೆ ಇರುವ ಹಕ್ಕೇ ಇಲ್ಲ ಎಂದು ಕ್ರೌನ್ ಅಲ್ಯೂಮಿನಿಯಂ ಮೊಕದ್ದಮೆಯಲ್ಲಿ ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್. ಗಜೇಂದ್ರಗಡ ಅವರ ಮನೆತನದ ಊರು. ಕಾಲೇಜಿನ ಮೊದಲ ವರ್ಷಗಳನ್ನು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ದೇಶದ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗಕ್ಕೆ ಅವರೇ ಅಧ್ಯಕ್ಷರು. ಕಾರ್ಮಿಕ ಕಾನೂನು ಓದುವ ನಮ್ಮ ಮಕ್ಕಳಿಗೆ ಈ ಹೆಸರನ್ನು ಹೆಮ್ಮೆಯಿಂದ ಪರಿಚಯಿಸಬೇಕು.

ಆ ಕಾಲದಲ್ಲಿ ನಮ್ಮಲ್ಲೂ ಎರಡು ದಾರಿಗಳ ಚರ್ಚೆ ನಡೆಯಿತು. ಕೇಂದ್ರ ಕಾರ್ಮಿಕ ಸಚಿವ ವಿ.ವಿ. ಗಿರಿ ಅವರಿಗೆ ನ್ಯಾಯಪೀಠಗಳ ಮೇಲೆ ನೆಚ್ಚಿಕೆ ಕಡಿಮೆ. ಯೂನಿಯನ್ನೂ ಮಾಲೀಕನೂ ತಾವೇ ಮಾತಾಡಿ ಬಗೆಹರಿಸಿಕೊಳ್ಳಲಿ ಎಂಬುದು ಅವರ ನಿಲುವು. 1954ರಲ್ಲಿ ಬ್ಯಾಂಕ್ ನೌಕರರ ಪರವಾಗಿ ಬಂದ ತೀರ್ಪನ್ನು ಸಂಪುಟ ಬದಲಿಸಿದಾಗ ಅವರು ರಾಜೀನಾಮೆ ಕೊಟ್ಟು ಹೊರಬಂದರು. ಬ್ಯಾಂಕ್ ನೌಕರರು ಆ ಪೆಟ್ಟಿನಿಂದ ಎದ್ದು 1966ರ ಅಕ್ಟೋಬರಿನಲ್ಲಿ ದೇಶಮಟ್ಟದ ಮೊದಲ ದ್ವಿಪಕ್ಷೀಯ ಒಪ್ಪಂದ ಮಾಡಿಕೊಂಡರು. ಮಂಗಳೂರಿನ ಶಾಖೆಯ ಗುಮಾಸ್ತನಿಗೂ ಪಟ್ನಾದ ಶಾಖೆಯ ಗುಮಾಸ್ತನಿಗೂ ಒಂದೇ ಸ್ಕೇಲು. ಹನ್ನೆರಡನೆಯ ಒಪ್ಪಂದ 2024ರ ಮಾರ್ಚ್‌ನಲ್ಲಿ ಆಯಿತು. ಕಲ್ಲಿದ್ದಲು, ಉಕ್ಕು, ಬಂದರುಗಳಲ್ಲೂ ಇಂಥ ದೇಶಮಟ್ಟದ ಮೇಜುಗಳಿವೆ.

ಬೆಂಗಳೂರು ಇನ್ನೊಂದು ಪಾಠ ಕಲಿಯಿತು. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು 77 ದಿನ ಹೊರಗಿದ್ದರು. ಸಂಖ್ಯೆ ಲಕ್ಷ ದಾಟಿತ್ತು. ಬಿಎಚ್‌ಇಎಲ್ ಕಾರ್ಮಿಕರಿಗೆ ಸಿಕ್ಕ ವೇತನ ನಮಗೂ ಬೇಕು ಎಂಬುದು ಮುಖ್ಯ ಬೇಡಿಕೆ. ಎಲ್ಲ ಕಾರ್ಖಾನೆಗಳಿಗೂ ಯಜಮಾನ ದೆಹಲಿಯ ಸರ್ಕಾರವೇ. ಹಾಗಿರುವಾಗ ಮೇಜು ಮಾತ್ರ ಬೇರೆಬೇರೆ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಕೇಳಿದ ಸಮಾನತೆ ಕೈಗೆ ಬರದೆಯೇ ಮುಷ್ಕರ ಹಿಂದೆಗೆಯಬೇಕಾಯಿತು. ಆ ಎಪ್ಪತ್ತೇಳು ದಿನ ಸಂಬಳವಿಲ್ಲದೆ ಸಂಸಾರ ನಡೆಸಿದವರ ಮನೆಗಳು ಈ ಸಭೆಯಲ್ಲೂ ಇರಬಹುದು. ಅವರಿಗೆ ನನ್ನ ನಮಸ್ಕಾರ. ಆದರೂ ಒಂದು ಮಾತನ್ನು ಅವರೆದುರೇ ಹೇಳುತ್ತೇನೆ. ಆ ಬೇಡಿಕೆಯ ಪಟ್ಟಿಯಲ್ಲಿ ಅದೇ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರಿಗೆ, ಅವಕ್ಕೆ ಬಿಡಿಭಾಗ ಒದಗಿಸುತ್ತಿದ್ದ ಸಣ್ಣ ಶೆಡ್ಡುಗಳ ಕಾರ್ಮಿಕರಿಗೆ ಹೇಳಿಕೊಳ್ಳುವಂಥ ಜಾಗ ಇರಲಿಲ್ಲ. ಕಾಯಂ ನೌಕರರ ಸಂಖ್ಯೆ ಕರಗುತ್ತ ಬಂದಾಗ ಆ ಕೊರತೆ ನಮ್ಮ ಯೂನಿಯನ್‌ಗಳನ್ನೇ ಕುಂದಿಸಿತು.

ಇಂದು ಬೆಂಗಳೂರಿನ ದೊಡ್ಡ ಕಾರ್ಮಿಕ ಸಮೂಹ ಗಾರ್ಮೆಂಟ್ಸ್ ಹೆಂಗಸರದು. ಅವರಿಗೆ ವೇತನದ ಒಪ್ಪಂದ ಎಂಬುದು ಬಹುಮಟ್ಟಿಗೆ ಇಲ್ಲ. ಕನಿಷ್ಠ ವೇತನದ ಅಧಿಸೂಚನೆಯೇ ಅವರ ಸಂಬಳ. ಯೂನಿಯನ್‌ಗಳಿವೆ, ಒಳ್ಳೆಯ ಕೆಲಸ ಮಾಡುತ್ತಿವೆ, ಆದರೆ ಸದಸ್ಯತ್ವ ತೆಳು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯಲು ಕೇಂದ್ರ ತಂದ ನಿರ್ಬಂಧದ ವಿರುದ್ಧ ಈ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ಯಾವ ಮುಂದಾಳೂ ಕರೆದಿರಲಿಲ್ಲ. ಎರಡೇ ದಿನದಲ್ಲಿ ದೆಹಲಿ ಆದೇಶ ಹಿಂಪಡೆಯಿತು, ಅದರ ಲಾಭ ದೇಶದ ಎಲ್ಲ ಪಿಎಫ್ ಸದಸ್ಯರಿಗೂ ಆಯಿತು. ನಾಲ್ಕು ವರ್ಷ ಕಳೆದು ಕೋವಿಡ್ ಕಾಲದಲ್ಲಿ ಅವರದೇ ತುಟ್ಟಿಭತ್ಯೆಯ ಏರಿಕೆ, ತಿಂಗಳಿಗೆ ಸುಮಾರು 417 ರೂಪಾಯಿ, ರಾಜ್ಯ ಸರ್ಕಾರದ ಆದೇಶದಿಂದ ಮುಂದಕ್ಕೆ ಹೋಯಿತು. ಹೈಕೋರ್ಟ್ 2020ರ ಸೆಪ್ಟೆಂಬರಿನಲ್ಲಿ ಆ ಆದೇಶಕ್ಕೆ ತಡೆ ಕೊಟ್ಟಿತು. ಆಮೇಲೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಬಾಕಿ ವಸೂಲಿ 2022ರವರೆಗೆ ಎಳೆಯಿತು. ಇಲ್ಲಿಯ ಯೂನಿಯನ್‌ಗಳು ಹೊರದೇಶದ ಬ್ರ್ಯಾಂಡುಗಳ ಬಾಗಿಲು ತಟ್ಟಬೇಕಾಯಿತು. ದೇಶದ ಕಾನೂನನ್ನು ತಿರುಗಿಸಿದ ಹೆಂಗಸರು ತಮ್ಮ 417 ರೂಪಾಯಿಗೆ ಎರಡು ವರ್ಷ ಕಾಯಬೇಕಾದದ್ದು ಏಕೆ? ಅವರು ಖಾಯಂ ಆಗಿ ಕೂರುವ ಮೇಜು ಎಲ್ಲೂ ಇರಲಿಲ್ಲ.

ಹೊಸ ಸಂಹಿತೆಗಳು ಆ ಮೇಜನ್ನು ಹಾಕಿವೆಯೇ? ಕೈಗಾರಿಕಾ ಸಂಬಂಧಗಳ ಸಂಹಿತೆ ಮಾತುಕತೆಯ ಯೂನಿಯನ್ ಎಂಬುದಕ್ಕೆ ಮೊದಲ ಸಲ ಕೇಂದ್ರ ಕಾನೂನಿನಲ್ಲಿ ಸ್ಪಷ್ಟ ಮಾನ್ಯತೆ ಕೊಟ್ಟಿದೆ. ಇದನ್ನು ಸ್ವಾಗತಿಸುತ್ತೇನೆ, ನಮ್ಮ ಚಳವಳಿ ದಶಕಗಳಿಂದ ಕೇಳಿದ್ದು ಇದನ್ನೇ. ನೂರಕ್ಕೆ 51 ಕಾರ್ಮಿಕರ ಬೆಂಬಲವಿರುವ ಯೂನಿಯನ್ ಒಂದೇ ಮಾತಾಡುತ್ತದೆ. ಅಂಥದ್ದು ಇಲ್ಲದಿದ್ದರೆ ನೂರಕ್ಕೆ 20 ಬೆಂಬಲವಿರುವ ಯೂನಿಯನ್‌ಗಳ ಮಂಡಳಿ. ಆದರೆ ಇದೆಲ್ಲ ಒಂದೊಂದು ಸಂಸ್ಥೆಯ ಮಟ್ಟಕ್ಕೆ. ಇಡೀ ಉದ್ದಿಮೆಗೆ ಒಂದು ಮೇಜು ಎಂಬ ಕಲ್ಪನೆ ಅದರಲ್ಲಿಲ್ಲ. ಮುಷ್ಕರಕ್ಕೆ ಹದಿನಾಲ್ಕು ದಿನದ ನೋಟಿಸು ಎಲ್ಲ ಕಾರ್ಖಾನೆಗಳಿಗೂ ಕಡ್ಡಾಯವಾಗಿದೆ. ಪತ್ರಕರ್ತರ ವೇತನ ಮಂಡಳಿಗೆ ಆಧಾರವಾಗಿದ್ದ ಕಾಯ್ದೆಯೇ ಹೋಯಿತು. ಹೋಲಿಸಿ ನೋಡಿದರೆ ನಾವು ಬಂದು ನಿಂತಿರುವುದು ಆಸ್ಟ್ರೇಲಿಯಾ 1993ರಲ್ಲಿ ನಿಂತ ಜಾಗದಲ್ಲಿ, ಅವರಿಗಿದ್ದ ಅವಾರ್ಡಿನ ಬಲೆ ಇಲ್ಲದೆ.

ವೇತನ ಸಂಹಿತೆ ದೇಶಕ್ಕೊಂದು ತಳಮಟ್ಟದ ವೇತನ ಎನ್ನುತ್ತದೆ. ಯಾವ ರಾಜ್ಯವೂ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಕರ್ನಾಟಕದಲ್ಲಿ ಕೂಲಿ ಏರಿಸಿದರೆ ಗಾರ್ಮೆಂಟ್ಸ್ ಪಕ್ಕದ ರಾಜ್ಯಕ್ಕೆ ಹೋಗುತ್ತದೆ ಎಂಬ ಬೆದರಿಕೆಗೆ ಇದೇ ಸರಿಯಾದ ಉತ್ತರ ಆಗಬಲ್ಲದು, ಆ ತಳ ಬದುಕಲು ಸಾಕಾಗುವಷ್ಟಿದ್ದರೆ. 2017ರಲ್ಲಿ ಕೇಂದ್ರ ಸೂಚಿಸಿದ ತಳಮಟ್ಟ ದಿನಕ್ಕೆ 176 ರೂಪಾಯಿ. ಕೇಂದ್ರವೇ ನೇಮಿಸಿದ ಅನೂಪ್ ಸತ್ಪತಿ ಸಮಿತಿ 2019ರಲ್ಲಿ 375 ಬೇಕು ಎಂದಿತ್ತು. ಲೆಕ್ಕ ಹಾಕುವ ಸೂತ್ರ ನಮ್ಮಲ್ಲಿ 1957ರಿಂದ ಇದೆ. ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಯೂನಿಯನ್‌ಗಳು ಒಮ್ಮತದಿಂದ ಒಪ್ಪಿದ್ದು: ದುಡಿಯುವವನೊಬ್ಬನಿಗೆ ಮೂರು ಉಣ್ಣುವ ಘಟಕ, ಒಬ್ಬ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಒಟ್ಟಿನಲ್ಲಿ ನೂರಕ್ಕೆ 20 ಸೌದೆ ದೀಪ ಇತ್ಯಾದಿಗೆ. 1991ರಲ್ಲಿ ರೆಪ್ಟಕೋಸ್ ಬ್ರೆಟ್ ತೀರ್ಪು ಮಕ್ಕಳ ಓದು, ಔಷಧ, ಹಬ್ಬ, ಮುಪ್ಪಿಗೆಂದು ನೂರಕ್ಕೆ 25 ಸೇರಿಸಿತು. 1957ರ ಸೂತ್ರದಲ್ಲಿ ಗಂಡಸು ಒಂದು ಘಟಕ, ಹೆಂಗಸು 0.8. ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂತು, ಮನೆಗೆ ಬಂದು ನೀರು ಹೊತ್ತು ಅಡಿಗೆ ಮಾಡುವವಳ ಹೊಟ್ಟೆಯನ್ನು ಐದನೇ ಒಂದು ಪಾಲು ಕಡಿಮೆ ಎಣಿಸುವುದನ್ನು ಹೊಸ ನಿಯಮಗಳಲ್ಲಾದರೂ ನಿಲ್ಲಿಸಬೇಕು. ಮೂರು ಘಟಕಗಳಿಗೆ ಬದಲಾಗಿ, ಅವಲಂಬಿಸಿರುವ ಅತ್ತೆ ಮಾವ, ತಂದೆ ತಾಯಿಯನ್ನೂ ಎಣಿಸಬೇಕು.

ಇದಕ್ಕೆ ದಾರಿ ಆ ಸಂಹಿತೆಯೊಳಗೇ ಇದೆ. ವೇತನದ ಬಗ್ಗೆ ಸಲಹೆ ಕೊಡುವ ಕೇಂದ್ರ ಮತ್ತು ರಾಜ್ಯ ಮಂಡಳಿಗಳಲ್ಲಿ ಮಾಲೀಕರು, ಕಾರ್ಮಿಕರು ಸಮಸಂಖ್ಯೆಯಲ್ಲಿರಬೇಕು, ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು ಎಂದು ಕಾನೂನು ಹೇಳುತ್ತದೆ. ಕಾರ್ಮಿಕರ ಕಡೆಯ ಆ ಕುರ್ಚಿಗಳಿಗೆ ಗಾರ್ಮೆಂಟ್ಸ್, ಬೀಡಿ, ಮನೆಗೆಲಸ, ಪೌರಕಾರ್ಮಿಕ ಯೂನಿಯನ್‌ಗಳ ಹೆಂಗಸರನ್ನು, ಈಗ ಕೆಲಸದಲ್ಲಿರುವವರನ್ನೇ, ಹೆಸರಿಸುವಂತೆ ನಮ್ಮ ಕೇಂದ್ರ ಸಂಘಟನೆಗಳು ಒಟ್ಟಾಗಿ ತೀರ್ಮಾನಿಸಬೇಕು. ಒಂದೊಂದು ಬಾವುಟಕ್ಕೆ ಒಂದೊಂದು ಕುರ್ಚಿ ಎಂದು ಹಂಚಿಕೊಳ್ಳಕೂಡದು. ರಾಜ್ಯ ಸರ್ಕಾರ ಗಾರ್ಮೆಂಟ್ಸ್ ಉದ್ದಿಮೆಗೆ ಪ್ರತ್ಯೇಕ ತ್ರಿಪಕ್ಷೀಯ ಸಮಿತಿ ಮಾಡಿ, ಆಸ್ಟ್ರೇಲಿಯಾದವರು ಹಣ ಕೊಡುವ ಸರ್ಕಾರವನ್ನು ಮೇಜಿಗೆ ಕರೆದಂತೆ, ಇಲ್ಲಿ ಬಟ್ಟೆ ಕೊಳ್ಳುವ ಬ್ರ್ಯಾಂಡುಗಳ ಪ್ರತಿನಿಧಿಗಳನ್ನೂ ಕರೆಯಬೇಕು. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯಕ್ಕೆ ಈ ಅಧಿಕಾರ ಇದೆ. ಸಮಿತಿ ವರ್ಷಕ್ಕೆರಡು ಸಲ ಸೇರಬೇಕು. ಅದು ಒಪ್ಪಿದ ದರ ಪೀಣ್ಯಕ್ಕೂ ಮದ್ದೂರಿಗೂ ದೊಡ್ಡಬಳ್ಳಾಪುರಕ್ಕೂ ಒಂದೇ ದಿನದಿಂದ ಅನ್ವಯವಾಗಬೇಕು. ತುಟ್ಟಿಭತ್ಯೆಯನ್ನು ಮುಂದೂಡುವ ಅಧಿಕಾರ ಸಮಿತಿಯ ಒಪ್ಪಿಗೆ ಇಲ್ಲದೆ ಯಾರಿಗೂ ಇರಕೂಡದು.